ಆಧಾರ ಬೇಕು

ಮೂಡೆಹೊಳೆ ಎಂದು ನಾನು ಬರೆದೆ.
ಮುಡಿಹೊಳೆ ಎಂದು ತಿದ್ದಿದ್ದು 'ಒಳ್ಳೆಮೆಣಸು'.
ಅವರ ಬೇರೆ ಹೆಸರು ನನಗೆ ಗೊತ್ತಿಲ್ಲ.
ಕೊಂಬಿನ ಒಂದು ಇಳಿಗೆ, ಒಂದು ಗುಡಿಸಿಗೆ
ಹನ್ನೊಂದು ಸಲ ಅಳಿಸಿದೆವು, ಬರೆದೆವು.

ಚರ್ಚೆಯ ಪುಟಕ್ಕೆ ಅವರು ಸರ್ವೆ ನಕ್ಷೆ ತಂದರು.
ನಾನು ಹೊಳೆದಂಡೆಯ ಲೈನುಮನೆಯಿಂದ
ಚಿಮ್ಮಿ ಅಜ್ಜಿಯ ಮಾತು ತಂದೆ.
"ಅಜ್ಜಿ ಆಧಾರವಲ್ಲ, ಕ್ಷಮಿಸಿ."
ಆ ಕ್ಷಮಿಸಿಗೇ ನನಗೆ ಹೆಚ್ಚು ಉರಿದದ್ದು.

ಆಮೇಲೆ ಆರು ದಿನ ಯಾರೂ ತಿದ್ದಲಿಲ್ಲ.
ನನ್ನ ಮೂಡೆಹೊಳೆ ತನ್ನ ಪಾಡಿಗೆ ಹರಿಯಿತು.
ಗೆದ್ದೆ ಅನಿಸಬೇಕಿತ್ತು.
ಸಿದ್ದಾಪುರದ ಸೊಸೈಟಿಯಲ್ಲಿ ಗೊಬ್ಬರದ ಬಿಲ್ಲು ಬರೆಯುತ್ತ
ನಡುನಡುವೆ ಫೋನು ನೋಡಿದೆ.
ಸಂಜೆ, ಎರಡನೇ ಸಾಲಿನಲ್ಲಿ
ಒಂದು ಅಲ್ಪವಿರಾಮ ತಪ್ಪಾಗಿ ಇಟ್ಟೆ,
ಬೇಕೆಂದೇ.

ಏಳನೇ ಬೆಳಿಗ್ಗೆ:
"ಆನೆ ಕಂಬ ಕೆಡವಿತ್ತು, ಕರೆಂಟಿರಲಿಲ್ಲ.
ಅಲ್ಪವಿರಾಮ ತೆಗೆದಿದ್ದೇನೆ.
ನಿಮ್ಮ ಅಜ್ಜಿ ಯಾವ ದಡ?
ಈ ದಡದಲ್ಲಿ ಎಲ್ಲರೂ ಮುಡಿ ಅನ್ನುತ್ತಾರೆ."

ಆಧಾರ? ಎಂದು ಕೇಳಿದೆ.

ತುಂಬ ಹೊತ್ತು ಉತ್ತರವಿಲ್ಲ.
ನಾಲ್ಕು ಚೀಲ ಯೂರಿಯಾ, ಎರಡು ಸುಣ್ಣ.

"ನಮ್ಮಮ್ಮ. ಎಂಬತ್ತೊಂದು.
ತೂಗುಸೇತುವೆ ದಾಟಿ ಬನ್ನಿ, ಕೇಳುವಿರಂತೆ.
ನಡುವೆ ಒಂದು ಹಲಗೆ ಸಡಿಲ ಇದೆ,
ನೋಡಿ ಕಾಲಿಡಿ."