ಕೊಸರು

ನೂರ ನಲವತ್ತಾರು ಗಂಟೆ.
ಅತ್ತೆಯ ಸೊಪ್ಪಿನ ಲೆಕ್ಕದ ಪುಸ್ತಕವನ್ನೇ ತಿರುವಿಹಾಕಿ
ಹಿಂದಿನ ಪುಟದಿಂದ ಬರೆಯುತ್ತ ಬಂದಿದ್ದೆ:
ತಾರೀಕು, ಒಳಗೆ ಹೋದದ್ದು, ಹೊರಗೆ ಬಂದದ್ದು.
ಮುಂದಿನಿಂದ ದಂಟು, ಸಬ್ಬಸಿಗೆ, ಟೀಚರಮ್ಮನ ಬಾಕಿ ಆರು ರೂಪಾಯಿ;
ಹಿಂದಿನಿಂದ ನಾನು.
ನಾವಿಬ್ಬರೂ ನಡುವೆ ಎದುರಾಗಲು
ಇನ್ನು ಹದಿನಾಲ್ಕೇ ಹಾಳೆ.

ಹೊಸೂರಿನ ಸಿಪ್‌ಕಾಟಿನಲ್ಲಿ
ಎಂಜಿನ್ನಿನ ಹೊಟ್ಟೆಗೆ ಹೋಗುವ ದಂಡಗಳನ್ನು
ಅಳೆಯುವುದು ನನ್ನ ಕೆಲಸ.
ಎಂಟು ಮೈಕ್ರಾನ್ ಆಚೀಚೆಯಾದರೆ ಕೆಂಪು ಚೀಟಿ,
ಒಂದು ಕೂದಲನ್ನು ಹತ್ತಾಗಿ ಸೀಳಿದರೆ ಸಿಗುವ ಎಳೆಯಷ್ಟು;
ಅಷ್ಟಕ್ಕೂ ಅಲ್ಲಿ ಮಾಫಿ ಇಲ್ಲ.
ಐದೂವರೆಗೆ ಮುಗಿಯಬೇಕಾದ ನನ್ನ ದಿನ
ಹತ್ತೂಕಾಲಿಗೆ ಮುಗಿದರೆ ಮಾತ್ರ
ಯಾವ ಗೇಜಿಗೂ ತಿಳಿಯುವುದಿಲ್ಲ.

ಪಕ್ಕದ ಮೇಜಿನ ತಂಗವೇಲು ಕಾರ್ಡು ತೋರಿಸಿದರೆ
ಗೋಡೆಯ ಯಂತ್ರ ಒಂದಕ್ಕೆ ಎರಡು ಎಣಿಸುತ್ತದೆ.
ನನ್ನ ಕಾರ್ಡಿನ ಮೇಲೆ 'ಆಫೀಸರ್' ಎಂದಿದೆ.
ಅದು ಪಿಳಿಪಿಳಿ ಹಸಿರು ಕಣ್ಣು ಬಿಟ್ಟು
ಹೋಗಿ ಬನ್ನಿ ಅನ್ನುತ್ತದೆ.

"ಲಕ್ಷ ದಾಟಿದ ಸಂಬಳ. ಇನ್ನೂ ಗಂಟೆ ಲೆಕ್ಕವಾ?"
ಯಾಳಿನಿ ಮೇಡಂ ಕೇಳಿದ್ದು ನಗುತ್ತಲೇ.
ನನ್ನ ಕಿವಿ ಸುಟ್ಟಿತು.
ಹಸಿದವರ ಪಂಕ್ತಿಯಲ್ಲಿ
ಉಂಡೆದ್ದು ಬಂದು ಮತ್ತೆ ಎಲೆ ಹಾಕಿಸಿಕೊಂಡವಳಂತೆ
ಕೂತಿದ್ದೆ, ಪುಸ್ತಕವನ್ನು ತೊಡೆಯ ಮೇಲಿಟ್ಟು.

ಆಗ ನೆನಪಾದದ್ದು ಉಳವರ್ ಸಂದೆ.
ಅತ್ತೆ ಚೂಡಮ್ಮ ಕಂತೆ ಕೊಟ್ಟ ಮೇಲೆ
ಎರಡು ಎಸಳು ಕರಿಬೇವು ಇಡುತ್ತಾಳೆ, ಕೊಸರು.
ಒಂದು ದಿನ ಕಾರಿಳಿದು ಬಂದವಳೊಬ್ಬಳು
ತಾನೇ ಬಾಚಿ ಒಂದು ಹಿಡಿ ತುಂಬಿಕೊಂಡಳು.
ಅತ್ತೆ ಅವಳ ಚೀಲಕ್ಕೇ ಕೈ ಹಾಕಿದಳು:
"ಕೊಸರು ನನ್ನ ಕೈಯಿಂದ ಬರಬೇಕು ಕಣಮ್ಮಿ,
ನಿನ್ನ ಕೈಯಿಂದ ಬಂದ್ರೆ ಅದ್ಕೆ ಬೇರೆ ಹೆಸರೈತೆ."
ಸಂದೆಗೆ ಸಂದೆಯೇ ತಿರುಗಿ ನೋಡಿತ್ತು.
ನಾನು ದೂರ ನಿಂತಿದ್ದೆ, ಅವಳ ಸೊಸೆಯಲ್ಲ ಎಂಬಂತೆ.

ಪುಸ್ತಕ ಮೇಜಿಗೆ ಬಂತು.
ಎರಡು ದಿನ ರಜೆ, ಅಂದರು. ತಲೆಯಾಡಿಸಿದೆ.
ಅರವತ್ತು ಗಂಟೆ. ಇಲ್ಲ.
ಎಪ್ಪತ್ತೈದು, ಮೇಲಿನವರು ಬಯ್ಯುತ್ತಾರೆ.
"ಮೇಡಂ, ದಂಡ ನೂರ ನಲವತ್ತಾರು ಮಿಲಿಮೀಟರ್ ಇದ್ದರೆ
ಎಪ್ಪತ್ತೈದು ಅಂತ ಬರೆದು ಕಳಿಸಲೇ?"
ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
"ನಾನೂ ಮನೆ ಸೇರೋದು ಒಂಬತ್ತಕ್ಕೆ. ನನಗ್ಯಾರು ಕೊಡ್ತಾರೆ?"
ಏಸಿ ಒಂದೇ ಸಮ ಗೊಣಗುತ್ತಿತ್ತು.
ಮೇಜಿನ ಆಚೆ, ಈಚೆ ಎಂಬುದು
ಒಂದಿಷ್ಟು ಸವೆಯಿತು. ಪೂರ್ತಿ ಅಲ್ಲ.
"ನೀವೂ ಬರೆದಿಡಿ," ಅಂದೆ.

ತೊಂಬತ್ತಕ್ಕೆ ನಿಂತಿತು.
ಗಂಟೆಗೆ ಐನೂರರಂತೆ ನಲವತ್ತೈದು ಸಾವಿರ;
ಇನ್ನು ಮೇಲೆ ಸಂಜೆ ಮೀರಿ ನಿಲ್ಲಿಸುವುದಾದರೆ
ಮೊದಲೇ ಬರವಣಿಗೆಯಲ್ಲಿ ಕೇಳಬೇಕು.
ಆ ಸಾಲಿಗೆ ಎರಡು ಸಲ ಸಹಿ ಮಾಡಿಸಿಕೊಂಡೆ.

ಮತ್ತಿಗಿರಿಯ ಮನೆಯಲ್ಲಿ ಅತ್ತೆ
ನಾಳೆಯ ಕೊತ್ತಂಬರಿಗೆ ನೀರು ಚಿಮುಕಿಸುತ್ತಿದ್ದಳು.
"ಎಷ್ಟು ಬಿಟ್ಟು ಬಂದೆ?" ಇದೇ ಮೊದಲ ಮಾತು.
"ಐವತ್ತಾರು."
ಕೈ ನಿಂತಿತು.
"ಹತ್ರತ್ರ ಅರ್ಧ ಕಂತೆ ಕೊಸರು ಕೊಟ್ಟು ಬಂದವಳೆ!
ಇವಳನ್ನ ಅಂಗಡೀಲಿ ಕೂರಿಸಿದ್ರೆ
ಬುಟ್ಟೀನೂ ಹೋಗ್ತಿತ್ತು."

ಆಮೇಲೆ ಪುಸ್ತಕ ಕಿತ್ತುಕೊಂಡು, ನನ್ನ ಹಾಳೆಗಳನ್ನು
ಒದ್ದೆ ಬೆರಳಲ್ಲಿ ಒಂದೊಂದಾಗಿ ತಿರುವಿದಳು.
ಒಂದು ರಾತ್ರಿಯ ಮೇಲೆ ಬೆರಳು ನಿಂತಿತು;
ಮಗುವಿಗೆ ಜ್ವರ ಬಂದ ರಾತ್ರಿ. ಹನ್ನೊಂದೂ ಹತ್ತು.
ಏನೂ ಅನ್ನಲಿಲ್ಲ.
ಸೆರಗಿನ ಗಂಟಿನಿಂದ ಇಪ್ಪತ್ತು ರೂಪಾಯಿ ಬಿಚ್ಚಿ ಕೊಟ್ಟು,
"ಬೇರೆ ಪುಸ್ತಕ ತಗೋ," ಅಂದಳು,
"ಮೊದಲನೇ ಹಾಳೆಯಿಂದ ಬರಿ."