ಮೊಟ್ಟೆಯ ಲೆಕ್ಕ

ವಾರಕ್ಕೆ ಎರಡು ಡಜನ್ ಮೊಟ್ಟೆ ಕೊಳ್ಳುತ್ತೇನೆ.
ಸಂತೆಯ ಲರಾಬಾಗೆ ಗುಮಾನಿ: "ರಿಫ್ಕಾತು,
ಗಂಡನಿಲ್ಲ ಮಕ್ಕಳಿಲ್ಲ, ಯಾರಿಗಮ್ಮಾ ಇಷ್ಟು?"
ಹಾವಿಗೆ, ಎನ್ನುತ್ತೇನೆ.
ಅವಳು ಚಿಲ್ಲರೆ ನನ್ನ ಕೈಗೆ ಕೊಡುವುದಿಲ್ಲ,
ಹಲಗೆಯ ಮೇಲಿಡುತ್ತಾಳೆ.

ಸುಳ್ಳೇನಲ್ಲ. ಹಳದಿಯಷ್ಟನ್ನೇ ಬೇರೆ ಮಾಡಿ
ಅಗರಿನಲ್ಲಿ ಕದಡಿ ಗಾಜಿನ ತಟ್ಟೆಗೆ ಹುಯ್ದರೆ
ಹರ್ಮಟ್ಟಾನ್ ಧೂಳು ಕವಿದ ಆಕಾಶದ ಹಾಗೆ
ಮಬ್ಬಾಗಿ ಹೆಪ್ಪುಗಟ್ಟುತ್ತದೆ.
ನಡುವೆ ಕೊರೆದ ಕುಳಿಗೆ ಒಂದು ಹನಿ ನಂಜು.
ಬೆಳಗಾಗುವಷ್ಟರಲ್ಲಿ ಸುತ್ತ ಒಂದು ತಿಳಿ ಉಂಗುರ:
ಅಷ್ಟಗಲ ಕರಗಿಸಿದೆ ಕಿಣ್ವ.
ಅದಕ್ಕೆ ಹಲ್ಲಿಲ್ಲ, ಹಗೆಯಿಲ್ಲ,
ಕೆಲಸವೊಂದೇ ಗೊತ್ತು.

ಈ ಮಂಡಲಕ್ಕೆ ಪುಸ್ತಕದಲ್ಲಿ ಲ್ಯಾಟಿನ್ ಹೆಸರು.
ಅಜ್ಜಿ ಕರೆಯುತ್ತಿದ್ದುದು "ಗೋಬೆ ದ ನಿಸಾ".
ನಾಳೆ ಬಲು ದೂರ.

ಇನ್ನೊಂದು ತಟ್ಟೆಯ ನಂಜಿಗೆ ವಿಟಮಿನ್ ಬೆರೆಸಿಟ್ಟಿದ್ದೆ.
'ಇ' ಎಣ್ಣೆಯ ಜಾತಿ, ನೀರಿಗೆ ಸೇರದ ಹಟಮಾರಿ,
ಮೂರು ದಿನ ಸತಾಯಿಸಿತು.
ಬೆಳಿಗ್ಗೆ ನೋಡಿದರೆ ಹದಿನಾಲ್ಕು ಮಿಲಿಮೀಟರಿನ ಉಂಗುರ
ಆರಕ್ಕೆ ಕುಗ್ಗಿದೆ.
ಸ್ಕೇಲು ತಿರುಗಿಸಿ ಅಳೆದೆ. ಜನರೇಟರ್ ನಿಂತಿತು,
ಕಿಟಕಿಯ ಬೆಳಕಿಗೆ ಹಿಡಿದು ಅಳೆದೆ.
ಆರೇ.

ಅದೇ ಮಧ್ಯಾಹ್ನ, ಬೈಕಿನ ಮೇಲೆ,
ಅಣ್ಣನ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬಂದ ಬಿತ್ರುಸ್.
ಒಂಬತ್ತು ವರ್ಷ. ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದನಂತೆ.
ಒಸಡಿನಲ್ಲಿ ಆಗಲೇ ರಕ್ತ.
ಗಾಜಿನ ಕೊಳವೆಗೆ ಅವನ ರಕ್ತ ತೆಗೆದು ಮೇಜಿನ ಮೇಲಿಟ್ಟೆ,
ಇಪ್ಪತ್ತು ನಿಮಿಷ ಯಾರೂ ಮುಟ್ಟಕೂಡದು.
ಆಮೇಲೆ ಒಮ್ಮೆ ಓರೆ ಮಾಡಿದೆ.
ಚಹಾದ ಹಾಗೆ ಹರಿಯಿತು.

"ಅಕ್ಕಾ, ನಿಮ್ಮ ಹತ್ತಿರ ಮೊಟ್ಟೆಯ ಮದ್ದಿದೆಯಂತಲ್ಲ?"
ಅಣ್ಣ ಕೇಳಿದ. ಏನು ಹೇಳಲಿ?
ನನ್ನ ತಟ್ಟೆಯಲ್ಲಿ ನಂಜಿಗೂ ವಿಟಮಿನ್ನಿಗೂ
ಮೊದಲೇ ಪರಿಚಯವಾಗಿರುತ್ತದೆ,
ನಾನೇ ಮಾಡಿಸಿರುತ್ತೇನೆ.
ಹೊಲದಲ್ಲಿ ಹಾವು ಅಷ್ಟು ಹೊತ್ತು ಕಾಯುವುದಿಲ್ಲ.

ಕೊಟ್ಟದ್ದು ಪ್ರತಿವಿಷವನ್ನೇ, ಪೆಟ್ಟಿಗೆಯ ಕೊನೆಯ ಸೀಸೆ.
ಆರು ಗಂಟೆ ಬಿಟ್ಟು ಮತ್ತೆ ಕೊಳವೆ, ಮತ್ತೆ ಓರೆ.
ರಕ್ತ ಅಲುಗಲಿಲ್ಲ. ಬುಡಮೇಲು ಹಿಡಿದೆ.
ಅಲುಗಲಿಲ್ಲ.

ಮರುದಿನ ಅಣ್ಣ ನಡೆದೇ ಬಂದ.
ಬೈಕು ಎಲ್ಲಿ ಎಂದು ನಾನು ಕೇಳಲಿಲ್ಲ.

ಕೋಟಿನ ಕಿಸೆಯಲ್ಲಿ 'ಸಿ' ಮಾತ್ರೆಗಳಿದ್ದವು, ಕಿತ್ತಳೆ ಬಣ್ಣದವು.
ಬಿತ್ರುಸನ ಅಂಗೈಗೆ ಒಂದು ಇಟ್ಟೆ.
"ಇದು ಹಾವಿನ ಮದ್ದಾ?"
ಅಲ್ಲ, ಎಂದೆ. ಇನ್ನೂ ಅಲ್ಲ. ಚೀಪು.
ಹುಳಿಗೆ ಒಂದು ಕಣ್ಣು ಮುಚ್ಚಿದ,
ಇನ್ನೊಂದಕ್ಕೆ ಕೈ ಚಾಚಿದ.

ನಾಳೆ ಸಂತೆ.
ಲರಾಬಾಗೆ ಹಳೆ ಬಾಕಿ ಬೇರೆ ಇದೆ.