ಪಂಚ ನಂಬರ್ ಎರಡು

ದಾವಣಗೆರೆಯ ಒಂದು ಠಾಣೆಯೆದುರು ನನ್ನ ಇಸ್ತ್ರಿ ಬಂಡಿ.
ಹದಿನಾರು ವರ್ಷ ಖಾಕಿಯ ಗೆರೆ ತಿದ್ದಿದವನು,
ಅವರವರ ಜೇಬು ಬಲ್ಲವನು:
ಬಸ್ ಟಿಕೆಟ್, ಅರ್ಧ ಅಡಿಕೆಪುಡಿ,
ಮಗುವಿನ ಕೆಮ್ಮಿಗೆ ಬರೆಸಿದ ಔಷಧದ ಚೀಟಿ.
ಒಳಗಿಂದ ಕೂಗು ಬಂದರೆ
ಇದ್ದಿಲ ಮೇಲೆ ತಗಡು ಮುಚ್ಚಿ, ಹೋಗಿ ಸಹಿ ಹಾಕಿ ಬರುತ್ತೇನೆ.
ಆ ಹಾಳೆಗಳಲ್ಲಿ ನಾನು
'ಸದರಿ ಸ್ಥಳದ ಗೌರವಾನ್ವಿತ ನಿವಾಸಿ,
ಮಾಚಪ್ಪ ಬಿನ್ ಲೇಟ್ ಬಸಲಿಂಗಪ್ಪ.'
ಬೇರೆಲ್ಲೂ ಯಾರೂ ನನ್ನ ಹಾಗೆ ಕರೆದದ್ದಿಲ್ಲ.

ಗಾಂಜಾ, ಗಡಿಯಾರ, ಓಸಿ ಚೀಟಿ, ಒಮ್ಮೆ ಒಂದು ಎಮ್ಮೆ,
ಎಲ್ಲವೂ ನನ್ನ ಸಮಕ್ಷಮವೇ ಸಿಕ್ಕಿವೆ.
ಎಮ್ಮೆಯೊಂದನ್ನು ಮಾತ್ರ ನಾನು ಕಣ್ಣಾರೆ ಕಂಡದ್ದು.

ಮೊನ್ನೆ ಜೀಪು ಮಂಡಕ್ಕಿ ಭಟ್ಟಿಗಳ ಕಡೆ ತಿರುಗಿತು.
ಮಸಿ ಕುಡಿದ ಗೋಡೆಗಳು, ಕಾದ ಮರಳಿನ ವಾಸನೆ.
ಹೊಸ್ತಿಲಲ್ಲಿ ಶಂಶಾದಬಿ, ಕೈಯಲ್ಲಿ ಜರಡಿ.

'ಮಗನ ಪೆಟ್ಟಿಗೆ ನೋಡಬೇಕು.'
'ನೋಡ್ರಿ. ವಾರಂಟ್ ಐತಾ?'
'ಅರ್ಜೆಂಟಿಗೆ ಬೇಕಿಲ್ಲಮ್ಮ.'
'ಹಂಗಾರೆ ಅರ್ಜೆಂಟ್ ಯಾಕಂತ ಬರದಿರ್ತೀರಲ್ಲ, ಅದನ್ನ ಓದ್ರಿ.
ಆಮ್ಯಾಲೆ ಜೇಬು ತೋರಿಸ್ರಿ.'
'ಯಾರ ಜೇಬು?'
'ನಿಮ್ದು. ಒಳಗ್ ಬರೋ ಕೈ ಖಾಲಿ ಐತೇನಂತ ನಾ ನೋಡಬ್ಯಾಡ್ವಾ?
ಭಟ್ಟಿಗೆ ಹಾಕೋ ಅಕ್ಕೀನೂ ಜರಡಿ ಹಿಡಿದೇ ಹಾಕ್ತೀವಿ.'

ಮುಟ್ಟಲಿಲ್ಲ ಯಾರನ್ನೂ. ಜರಡಿ ಮುಂದೆ ಚಾಚಿದಳು.
ಓಣಿಯ ಕಿಟಕಿಗಳಲ್ಲಿ ಮುಖಗಳು ಮೂಡಿದ್ದವು.
ಬಿದ್ದವು ಒಂದೊಂದೇ: ಸೀಟಿ, ಬಾಚಣಿಗೆ, ಅಡಿಕೆಪುಡಿ,
ಬೆಳಿಗ್ಗೆ ನಾನೇ ತೆಗೆದು ಮತ್ತೆ ಇಟ್ಟಿದ್ದ ಔಷಧದ ಚೀಟಿ.
ಆಮೇಲೆ ನನ್ನ ಸರದಿ.
ನನ್ನ ಜೇಬಿನಲ್ಲಿತ್ತು ನಾಲ್ಕು ಮಡಿಕೆಯ ಹಾಳೆ.
ಮಧ್ಯಾಹ್ನವೇ ಸಹಿ ಹಾಕಿಸಿ 'ಇಟ್ಕೊಂಡಿರು' ಅಂದಿದ್ದ ರೈಟರ್.

ಒಂಬತ್ತನೇ ಕ್ಲಾಸಿನ ಮಗಳು ತಸ್ಲೀಮಾ
ಪಾಠ ಒಪ್ಪಿಸುವ ದನಿಯಲ್ಲಿ ಓದಿದಳು:
'ಸಂಜೆ ಏಳೂವರೆ ಗಂಟೆಗೆ, ಕಬ್ಬಿಣದ ಪೆಟ್ಟಿಗೆಯಿಂದ,
ಮೂರು ಮೊಬೈಲುಗಳನ್ನು, ನಮ್ಮ ಸಮಕ್ಷಮ...'
ಗೋಡೆಯಲ್ಲಿ ಆರೂ ಹತ್ತು.
'ಮಾಚಣ್ಣ,' ಅಂದಳು ಶಂಶಾದಬಿ, ಸಿಟ್ಟಿಲ್ಲದೆ,
'ಇನ್ನೂ ಆಗದ್ದನ್ನ ಹೆಂಗ್ ನೋಡ್ದೆ?'

ಸುಕ್ಕು ಯಾವುದಿದ್ದರೂ ಬಿಡಿಸಬಲ್ಲೆ ಅಂದುಕೊಂಡಿದ್ದೆ.

ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದೇ ಮೊಬೈಲು.
'ಗಾಜು ಒಡೆದೈತೆ ಅಂತ್ಲೂ ಬರೀರಿ. ಒಂದು ನಕಲು ನಂಗೆ.'
ಬರೆದರು. ಕೊಟ್ಟರು. ಮೊಬೈಲು ಹೇಗೂ ಹೋಯಿತು.
ಹೊಸ ಹಾಳೆಯನ್ನು ನಾನು ಮೊದಲ ಸಲ
ಕೊನೆಯ ಸಾಲಿನವರೆಗೂ ಓದಿದೆ,
ಅಕ್ಷರಕ್ಕೊಂದು ಬೆರಳಿಟ್ಟು.
ಜೀಪು ಮೂರು ಸಲ ಹಾರ್ನ್ ಹೊಡೆಯಿತು.
ಆಮೇಲೆ ಸಹಿ.

ಇವತ್ತಿಗೆ ಆರು ದಿನ, ಒಂದು ಖಾಕಿ ಅಂಗಿಯೂ ಬಂದಿಲ್ಲ.
ಇದ್ದಿಲು ತನ್ನಷ್ಟಕ್ಕೆ ತಾನೇ ಉರಿದು ಬೂದಿಯಾಗುತ್ತದೆ.
ಪಕ್ಕದ ಟೀ ಅಂಗಡಿಯ ಚನ್ನವೀರ
ಹಳೇ ಪೇಪರಿನ ಅಂಚಿನಲ್ಲಿ
ಸಹಿ ಹಾಕುವುದನ್ನು ಕಲಿಯುತ್ತಿದ್ದಾನೆ.